ಮನೆಯ ವಿಡಿಯೊಗೆ ಫೇಡ್: ಹಾಕುವ ಬಗೆ, ಹಾಕಬಾರದ ಜಾಗ

ವಿಜಯಪುರ ಜಿಲ್ಲೆಯ ಬಬಲೇಶ್ವರ ತಾಲ್ಲೂಕಿನ ಕಾಖಂಡಕಿಯ ಹೆಸರು ಬಂದೊಡನೆ ಈ ಸೀಮೆಯವರಿಗೆ ಎರಡು ಸಂಗತಿಗಳು ನೆನಪಾಗುತ್ತವೆ. ಒಂದು, ಹದಿನೇಳನೆಯ ಶತಮಾನದ ಹರಿದಾಸರಾದ ಮಹಿಪತಿದಾಸರು. ಇನ್ನೊಂದು, ಸಿಂಗರಿಸಿದ ಎತ್ತು-ಹೋರಿಗಳು ಜನರ ನಡುವೆ ಓಡುವ ಕಾರ ಹುಣ್ಣಿಮೆಯ ಕರಿ. ಕೈಯಲ್ಲಿ ಮೊಬೈಲ್ ಇರುವವರೆಲ್ಲ ಇಂದು ಕರಿಯನ್ನೂ ಭಜನೆಯನ್ನೂ ಚಿತ್ರಿಸಿಕೊಳ್ಳುತ್ತಾರೆ. ಆ ತುಣುಕುಗಳನ್ನು ಗಣಕಯಂತ್ರದಲ್ಲಿ ಜೋಡಿಸಲು ಕುಳಿತವರು ಮೊದಲು ಕೈ ಹಾಕುವುದು ಸಾಮಾನ್ಯವಾಗಿ ಫೇಡ್ ಎಂಬ ಪರಿಣಾಮಕ್ಕೆ. ಅದನ್ನು ಹಾಕುವುದು ಸುಲಭ. ಅಷ್ಟೇ ಸುಲಭವಾಗಿ ಅದು ಉಳಿಯಬೇಕಾದ ಕ್ಷಣವನ್ನು ನುಂಗಿಯೂ ಬಿಡುತ್ತದೆ.

ಫೇಡ್ ಎಂದರೇನು?

ಕಪ್ಪು ಪರದೆಯಿಂದ ಚಿತ್ರ ಕ್ರಮೇಣ ಬೆಳಗಿ ಮೂಡುವುದು ಫೇಡ್ ಇನ್. ಚಿತ್ರ ಕ್ರಮೇಣ ಮಬ್ಬಾಗಿ ಕಪ್ಪಿನಲ್ಲಿ ಕರಗುವುದು ಫೇಡ್ ಔಟ್. ಒಂದು ದೃಶ್ಯ ಮಾಸುತ್ತಿರುವಾಗಲೇ ಇನ್ನೊಂದು ಅದರ ಮೇಲೆ ಮೂಡಿ ಬಂದರೆ ಅದು ಕ್ರಾಸ್ ಫೇಡ್ ಅಥವಾ ಡಿಸಾಲ್ವ್. ಮೂಕಿಚಿತ್ರಗಳ ಕಾಲದಿಂದಲೂ ಇವು ಬಳಕೆಯಲ್ಲಿವೆ. ಫ್ರಾನ್ಸಿನ ಜಾರ್ಜ್ ಮೆಲಿಯೆಸ್ 1899ರ ತಮ್ಮ ‘ಸಿಂಡ್ರೆಲಾ’ ಚಿತ್ರದಲ್ಲಿಯೇ ಡಿಸಾಲ್ವ್ ಬಳಸಿದ್ದರು. ಅಂದಿನಿಂದ ನೋಡುಗರ ಕಣ್ಣು ಒಂದು ಅರ್ಥವನ್ನು ರೂಢಿಸಿಕೊಂಡಿದೆ: ಪರದೆ ಕಪ್ಪಾಯಿತೆಂದರೆ ಕಾಲ ಸರಿಯಿತು, ಇಲ್ಲವೇ ಸ್ಥಳ ಬದಲಾಯಿತು.

ಆದ್ದರಿಂದ ಫೇಡ್ ಬರಿಯ ಅಲಂಕಾರವಲ್ಲ. ಬೆಳಗಿನ ಎತ್ತಿನ ಮೈತೊಳೆಯುವಿಕೆಗೂ ಸಂಜೆಯ ಕರಿಗೂ ನಡುವೆ ಅದು ಸಲ್ಲುತ್ತದೆ. ಓಡುತ್ತಿರುವ ಒಂದೇ ಹೋರಿಯ ಎರಡು ತುಣುಕುಗಳ ನಡುವೆ ಹಾಕಿದರೆ ಓಟವೇ ನಿಂತುಹೋದಂತೆ ಕಾಣುತ್ತದೆ. ಅಲ್ಲಿ ನೇರ ಕತ್ತರಿಯೇ ಸರಿ.

ಸೆಕೆಂಡುಗಳ ಲೆಕ್ಕ

ಭಾರತದಲ್ಲಿ ರೂಢಿಯಲ್ಲಿದ್ದ ಪಾಲ್ ಪದ್ಧತಿಯ ವಿಡಿಯೊದಲ್ಲಿ ಸೆಕೆಂಡಿಗೆ 25 ಚೌಕಟ್ಟುಗಳು. ಒಂದು ಸೆಕೆಂಡಿನ ಫೇಡ್ ಇನ್ ಎಂದರೆ ಪ್ರತಿ ಚೌಕಟ್ಟಿಗೂ ಚಿತ್ರ ಸುಮಾರು ಶೇಕಡಾ 4ರಷ್ಟು ಮೂಡುತ್ತ ಹೋಗುವುದು. ಮೊಬೈಲ್‌ಗಳು ಬಹುಮಟ್ಟಿಗೆ ಸೆಕೆಂಡಿಗೆ 30 ಚೌಕಟ್ಟುಗಳಲ್ಲಿ ಚಿತ್ರಿಸುತ್ತವೆ. ಮನೆಯ ವಿಡಿಯೊಗೆ ಅರ್ಧದಿಂದ ಒಂದು ಸೆಕೆಂಡು ಸಾಕು. ಆರಂಭಕ್ಕೂ ಮುಕ್ತಾಯಕ್ಕೂ ಎರಡು ಸೆಕೆಂಡು ಕೊಡಬಹುದು.

ಕ್ರಾಸ್ ಫೇಡ್‌ಗೆ ಇನ್ನೊಂದು ಲೆಕ್ಕವಿದೆ. ಅದರಲ್ಲಿ ತುಣುಕುಗಳು ಒಂದರ ಮೇಲೊಂದು ಹೊದ್ದುಕೊಳ್ಳುತ್ತವೆ. ತಲಾ 20 ಸೆಕೆಂಡಿನ ಹತ್ತು ತುಣುಕುಗಳನ್ನು ನೇರವಾಗಿ ಜೋಡಿಸಿದರೆ 200 ಸೆಕೆಂಡು. ಒಂಬತ್ತು ಕಡೆ ಒಂದೊಂದು ಸೆಕೆಂಡು ಹೊದಿಸಿದರೆ 191. ಹಿನ್ನೆಲೆಯ ಹಾಡನ್ನು ಮೊದಲೇ ಅಳೆದು ಹಾಕಿದ್ದರೆ ಕೊನೆಯಲ್ಲಿ ಅದು ಚಿತ್ರವನ್ನು ಮೀರಿ ಉಳಿಯುವುದು ಇದೇ ಕಾರಣಕ್ಕೆ. ಹಾಡನ್ನು ಕಡೆಗೆ ಹೊಂದಿಸುವುದು ಲೇಸು.

ತಂತ್ರಾಂಶಗಳಲ್ಲಿ ಮಾಡುವ ಬಗೆ

ವಿಂಡೋಸ್ ಮೂವಿ ಮೇಕರ್ 2000ದಲ್ಲಿ ವಿಂಡೋಸ್ ಮಿಲೇನಿಯಮ್ ಆವೃತ್ತಿಯೊಡನೆ ಬಂದಿತು. ವಿಂಡೋಸ್ ಎಕ್ಸ್‌ಪಿ ಇದ್ದ ಮನೆಗಳಲ್ಲಿ ಅನೇಕರು ಮೊದಲು ಸಂಕಲನ ಕಲಿತದ್ದು ಇದರಲ್ಲಿಯೇ. 2017ರ ಜನವರಿಯಲ್ಲಿ ಮೈಕ್ರೊಸಾಫ್ಟ್ ಅದಕ್ಕೆ ಬೆಂಬಲವನ್ನು ನಿಲ್ಲಿಸಿತು. ವಿಂಡೋಸ್ 11ರಲ್ಲಿ ಆ ಜಾಗಕ್ಕೆ ಕ್ಲಿಪ್‌ಚಾಂಪ್ ಬಂದಿದೆ. ಅದರಲ್ಲಿ ಟೈಮ್‌ಲೈನ್ ಮೇಲಿನ ತುಣುಕನ್ನು ಆರಿಸಿ, ಬಲಬದಿಯ ಫೇಡ್ ಆಯ್ಕೆ ತೆರೆದು, ಇನ್ ಮತ್ತು ಔಟ್ ಗುಂಡಿಗಳನ್ನು ಬೇಕಾದಷ್ಟು ಸರಿಸಬೇಕು.

ಉಚಿತವಾಗಿ ದೊರೆಯುವ ಶಾಟ್‌ಕಟ್, ಕೆಡೆನ್‌ಲೈವ್, ಡಾವಿಂಚಿ ರಿಸಾಲ್ವ್ ಇವುಗಳಲ್ಲಿ ತುಣುಕಿನ ಮೇಲ್ತುದಿಯ ಮೂಲೆಗೆ ಮೌಸ್ ಒಯ್ದರೆ ಸಣ್ಣ ಹಿಡಿಕೆ ಕಾಣುತ್ತದೆ. ಅದನ್ನು ಒಳಕ್ಕೆ ಎಳೆದಷ್ಟೂ ಫೇಡ್ ಉದ್ದವಾಗುತ್ತದೆ. ಓಪನ್‌ಶಾಟ್‌ನಲ್ಲಿ ತುಣುಕಿನ ಮೇಲೆ ಬಲಗುಂಡಿ ಒತ್ತಿ ಫೇಡ್ ಪಟ್ಟಿಯಿಂದ ಆರಿಸಬೇಕು. ಆಪಲ್‌ನವರ ಐಮೂವಿಯಲ್ಲಿ ಇಡೀ ಚಿತ್ರ ಕಪ್ಪಿನಿಂದ ಮೂಡುವಂತೆಯೂ ಕಪ್ಪಿಗೆ ಇಳಿಯುವಂತೆಯೂ ಸೆಟ್ಟಿಂಗ್ಸ್‌ನಲ್ಲಿಯೇ ಗುರುತು ಹಾಕಬಹುದು.

ಧ್ವನಿಯ ಫೇಡ್ ಬೇರೆಯೇ

ಚಿತ್ರ ಕಪ್ಪಾದರೆ ಸದ್ದೂ ತಾನಾಗಿ ತಗ್ಗುತ್ತದೆಂದು ತಿಳಿಯಬಾರದು. ಅನೇಕ ತಂತ್ರಾಂಶಗಳಲ್ಲಿ ಎರಡನ್ನೂ ಪ್ರತ್ಯೇಕವಾಗಿ ಹೊಂದಿಸಬೇಕಾಗುತ್ತದೆ. ಧ್ವನಿಯನ್ನು ಥಟ್ಟನೆ ಕತ್ತರಿಸಿದ ಕಡೆ ‘ಟಿಕ್’ ಎಂಬ ಸದ್ದು ಉಳಿಯಬಹುದು. ಒಂದೆರಡು ಚೌಕಟ್ಟಿನಷ್ಟು ಕಿರಿದಾದ ಫೇಡ್ ಅದನ್ನು ಅಳಿಸುತ್ತದೆ. ಎರಡು ಧ್ವನಿಗಳನ್ನು ಸಮಪ್ರಮಾಣದಲ್ಲಿ ಇಳಿಸಿ ಏರಿಸಿದಾಗ ನಡುವೆ ಸದ್ದು ಕುಸಿದಂತೆ ಕೇಳಿದರೆ, ಒಂದನ್ನು ತುಸು ತಡವಾಗಿ ಇಳಿಸಬೇಕು.

ಭಜನೆಯ ವಿಡಿಯೊದಲ್ಲಿ ವಿಶೇಷ ಎಚ್ಚರ ಬೇಕು. ದಾಸರ ಪದಗಳಲ್ಲಿ ಅಂಕಿತ ಬರುವುದು ಕೊನೆಯ ಚರಣದಲ್ಲಿ. ಮಹಿಪತಿದಾಸರ ಪದಗಳಿಗೆ ಅವರ ಹೆಸರೇ ಅಂಕಿತ. ವಿಡಿಯೊ ಉದ್ದವಾಯಿತೆಂದು ಕೊನೆಯ ಚರಣದ ಮೇಲೆ ಫೇಡ್ ಔಟ್ ಎಳೆದರೆ, ಆ ಪದ ಯಾರದೆಂದು ಹೇಳುವ ಮಾತೇ ಮಾಸಿಹೋಗುತ್ತದೆ. ಸಮಯ ಉಳಿಸಲೇಬೇಕಾದರೆ ನಡುವಿನ ಚರಣವೊಂದನ್ನು ಬಿಡಬಹುದು. ಅಂಕಿತ ಮುಗಿದು ತಾಳದ ನಾದ ಅಡಗತೊಡಗಿದ ಮೇಲೆಯೇ ಫೇಡ್ ಆರಂಭವಾಗಬೇಕು.

ಇದೇ ನಿಯಮ ಮಾತಿಗೂ ಸಲ್ಲುತ್ತದೆ. ಹಿರಿಯರು ಹರಸುವಾಗ ಅವರ ಕೊನೆಯ ನುಡಿಯ ಮೇಲೆ ಫೇಡ್ ಬೀಳಬಾರದು. ಇದಕ್ಕಾಗಿಯೇ ಚಿತ್ರಿಸುವವರು ಮಾತು ಮುಗಿದ ಮೇಲೂ ಮೂರು-ನಾಲ್ಕು ಸೆಕೆಂಡು ಕ್ಯಾಮೆರಾ ನಿಲ್ಲಿಸದಿರುವುದು ಒಳ್ಳೆಯದು. ಫೇಡ್‌ಗೆ ಬೇಕಾದ ಜಾಗ ಅಲ್ಲಿ ಸಿಗುತ್ತದೆ.

ಮೂಲ ಪ್ರತಿ ಉಳಿಯಬೇಕು

ಸಂಕಲನದ ಕಡತದಲ್ಲಿ ಫೇಡ್ ಎಂಬುದು ಕೇವಲ ಒಂದು ಸೂಚನೆ, ಬೇಡವಾದರೆ ಅಳಿಸಬಹುದು. ಸಿದ್ಧ ವಿಡಿಯೊ ಆಗಿ ಹೊರತೆಗೆದ ಮೇಲೆ ಅದು ಚಿತ್ರದಲ್ಲಿಯೇ ಅಚ್ಚಾಗುತ್ತದೆ. ಪೂರ್ತಿ ಕಪ್ಪಾದ ಚೌಕಟ್ಟಿನಿಂದ ಮುಖವನ್ನು ಮರಳಿ ತರುವ ತಂತ್ರಾಂಶವಿಲ್ಲ. ಸಂಕಲನದ ಕಡತವೊಂದನ್ನೇ ಕಾಪಾಡಿಕೊಂಡರೂ ಫಲವಿಲ್ಲ. ಅದರಲ್ಲಿರುವುದು ಮೂಲ ತುಣುಕು ಎಲ್ಲಿದೆ ಎಂಬ ಗುರುತು ಮಾತ್ರ. ಮೂವಿ ಮೇಕರ್‌ನಲ್ಲಿ ಮಾಡಿಟ್ಟ ಹಳೆಯ ಕಡತಗಳ ಪಾಡೂ ಇದೇ: ಮೂಲ ತುಣುಕು ಅಳಿದಿದ್ದರೆ ಕಡತ ತೆರೆದರೂ ನೋಡಲು ಏನೂ ಇರುವುದಿಲ್ಲ.

ವಿಎಚ್‌ಎಸ್ ಕ್ಯಾಸೆಟ್‌ಗಳನ್ನು ಸ್ಟುಡಿಯೊಗಳಲ್ಲಿ ‘ಮಿಕ್ಸಿಂಗ್’ ಮಾಡಿಸುತ್ತಿದ್ದ ಕಾಲದ ಮದುವೆ ವಿಡಿಯೊಗಳಲ್ಲಿ ಇಂಥ ನಷ್ಟವನ್ನು ಈಗಲೂ ಕಾಣಬಹುದು. ಮಿಕ್ಸಿಂಗ್ ಆದ ಪ್ರತಿಯಷ್ಟೇ ಮನೆಯಲ್ಲಿ ಉಳಿದು ಮೂಲ ಕ್ಯಾಸೆಟ್ ಅಳಿದುಹೋಗಿದ್ದರೆ, ಹೃದಯಾಕಾರದ ಚೌಕಟ್ಟಿನಾಚೆಗೆ ನಿಂತಿದ್ದ ಅಜ್ಜ-ಅಜ್ಜಿಯರನ್ನು ಇಂದು ಎಲ್ಲಿಯೂ ನೋಡಲಾಗದು.

ಆದಕಾರಣ ಕೆಲಸ ಆರಂಭಿಸುವ ಮೊದಲು ಮೂಲ ತುಣುಕುಗಳನ್ನು ಬೇರೊಂದು ಹಾರ್ಡ್ ಡಿಸ್ಕ್‌ಗೆ ನಕಲು ಮಾಡಿ, ವರ್ಷ ಮತ್ತು ಸಂದರ್ಭದ ಹೆಸರಿಟ್ಟು, ಮುಟ್ಟದೆ ಇಡಬೇಕು. ಫೇಡ್, ಹಾಡು, ಶೀರ್ಷಿಕೆಗಳೆಲ್ಲ ನಕಲಿನ ಮೇಲೆ ನಡೆಯಲಿ. ಮುಂದಿನ ಕಾರ ಹುಣ್ಣಿಮೆಗೆ ತಂತ್ರಾಂಶ ಬದಲಾಗಿರಬಹುದು, ಅಭಿರುಚಿಯೂ ಬದಲಾಗಿರಬಹುದು. ಮೂಲ ಕೈಯಲ್ಲಿದ್ದರೆ ಅದೇ ಕರಿಯನ್ನು, ಅದೇ ಪದವನ್ನು ಮತ್ತೆ ಹೊಸದಾಗಿ ಜೋಡಿಸಬಹುದು.