ಮುಂಬಯಿಯ ಮಹಾರಾಜ ಮಾನನಷ್ಟ ವ್ಯಾಜ್ಯ

1860ನೆಯ ಅಕ್ಟೋಬರ್ 21ರ ‘ಸತ್ಯಪ್ರಕಾಶ’ವೆಂಬ ಗುಜರಾತಿ ಪತ್ರಿಕೆಯಲ್ಲಿ ಕರಸನದಾಸ ಮೂಲಜಿಯವರು, ವಲ್ಲಭಸಂಪ್ರದಾಯದ ಗುರುಗಳಾದ ‘ಮಹಾರಾಜ’ರಿಗೆ ಭಕ್ತಸ್ತ್ರೀಯರೊಡನೆ ಅನುಚಿತಸಂಬಂಧವುಂಟೆಂದು ಆಕ್ಷೇಪಿಸಿ, ಜದುನಾಥಜೀ ಮಹಾರಾಜರನ್ನು ಹೆಸರಿಸಿಯೇ ಬರೆದರು. ಜದುನಾಥಜೀಯವರು 1861ರಲ್ಲಿ 50,000 ರೂಪಾಯಿಗಳ ಪರಿಹಾರವನ್ನು ಬೇಡಿ ಮುಂಬಯಿಯ ಸುಪ್ರೀಂ ಕೋರ್ಟಿನಲ್ಲಿ ದಾವೆ ಹೂಡಿದರು. ಅವರ ಶಿಷ್ಯರಾದ ಭಾಟಿಯಾ ಕುಲದ ಮುಖಂಡರು, ಗುರುಗಳಿಗೆ ವಿರುದ್ಧವಾಗಿ ಸಾಕ್ಷಿ ನುಡಿದವರಿಗೆ ಜಾತಿಬಹಿಷ್ಕಾರವೆಂದು ಕಟ್ಟುಮಾಡಿದರು. ಆ ಒಳಸಂಚಿಗಾಗಿ ತಾವೇ ದಂಡ ತೆತ್ತರು. 1862ನೆಯ ಜನವರಿ 25ರಂದು ವಿಚಾರಣೆಯು ಮೊದಲಾಯಿತು. ಮಹಾರಾಜರಿಗೆ ಚಿಕಿತ್ಸೆ ಮಾಡಿದ್ದ ಡಾಕ್ಟರ್ ಭಾವು ದಾಜಿಯವರೂ ಸಾಕ್ಷ್ಯವಿತ್ತರು. ಏಪ್ರಿಲ್ 22ರ ತೀರ್ಪಿನಲ್ಲಿ, ಬರೆದುದು ಸತ್ಯವೆಂಬ ಪ್ರತಿವಾದಿಯ ಪಕ್ಷವೇ ನಿಂತಿತು. ಬಹಿಷ್ಕಾರವು ಸಾಕ್ಷಿಗಳ ಬಾಯನ್ನು ಕಟ್ಟಲಾರದಾಯಿತು. ಮಾನರಕ್ಷಣಾರ್ಥವಾಗಿ ಹೂಡಿದ ದಾವೆಯೇ ಪತ್ರಿಕೆಯ ಆಕ್ಷೇಪವನ್ನು ಪ್ರಮಾಣಪೂರ್ವಕವಾದ ಸಾಕ್ಷ್ಯವನ್ನಾಗಿ ಮಾಡಿತು.