ಪರಿಸರ ರಸಾಯನ ಪ್ರಯೋಗಾಲಯಗಳಲ್ಲಿ ಬೇಸಿಗೆ ತರಬೇತಿ ಹಾಗೂ ಕುಡಿಯುವ ನೀರಿನ ಪರೀಕ್ಷೆ: ಗೌನಿಪಲ್ಲಿ ಭಾಗದ ವಿದ್ಯಾರ್ಥಿಗಳಿಗೆ ಮತ್ತು ಸಾರ್ವಜನಿಕರಿಗೆ ಮಾಹಿತಿ

ಹಿನ್ನೆಲೆ

ಗೌನಿಪಲ್ಲಿಯು ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನಲ್ಲಿ, ಆಂಧ್ರಪ್ರದೇಶದ ಗಡಿಗೆ ಸಮೀಪದಲ್ಲಿದೆ. ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ನದಿ ಇಲ್ಲವಾದ್ದರಿಂದ ಗ್ರಾಮಗಳು ಕುಡಿಯುವ ನೀರಿಗೆ ಬಹುಪಾಲು ಕೊಳವೆ ಬಾವಿಗಳನ್ನೇ ಅವಲಂಬಿಸಿವೆ. ಇಲ್ಲಿನ ಗ್ರಾನೈಟ್ ಮತ್ತು ನೈಸ್ ಶಿಲೆಗಳಲ್ಲಿ ಫ್ಲೋರೈಡ್ ಹೊಂದಿರುವ ಖನಿಜಗಳಿದ್ದು, ನೀರು ಬಂಡೆಯ ಬಿರುಕುಗಳಲ್ಲಿ ದೀರ್ಘಕಾಲ ನಿಂತಾಗ ಅದು ನೀರಿನಲ್ಲಿ ಕರಗುತ್ತದೆ.

ಕುಡಿಯುವ ನೀರಿನಲ್ಲಿ ಕಂಡುಬರುವ ಪ್ರಮಾಣದ ಫ್ಲೋರೈಡನ್ನು ಬಣ್ಣ, ವಾಸನೆ ಅಥವಾ ರುಚಿಯಿಂದ ಗುರುತಿಸಲಾಗದು. ನೀರನ್ನು ಕುದಿಸಿದರೆ ಅದು ಹೋಗುವುದಿಲ್ಲ. ನೀರು ಆವಿಯಾದಂತೆ ಅದರ ಸಾಂದ್ರತೆ ಹೆಚ್ಚುತ್ತದೆ. ಸುಮಾರು ಎಂಟು ವರ್ಷದೊಳಗಿನ ಮಕ್ಕಳು ಅಧಿಕ ಫ್ಲೋರೈಡ್ ಇರುವ ನೀರನ್ನು ಕುಡಿದಲ್ಲಿ, ರೂಪುಗೊಳ್ಳುತ್ತಿರುವ ಶಾಶ್ವತ ಹಲ್ಲುಗಳ ಮೇಲೆ ಕಲೆಗಳು ಉಂಟಾಗುತ್ತವೆ. ಬಹುಕಾಲ ಸೇವಿಸಿದವರಲ್ಲಿ ಮೂಳೆ ಹಾಗೂ ಕೀಲುಗಳು ಬಿಗಿಯುತ್ತವೆ. ಮೂಳೆಗೆ ತಗುಲಿದ ಹಾನಿಯನ್ನು ಹಿಂತಿರುಗಿಸುವ ಚಿಕಿತ್ಸೆ ಇಲ್ಲ. ಆದುದರಿಂದ ಪರೀಕ್ಷೆಯೊಂದೇ ಮುನ್ನೆಚ್ಚರಿಕೆಯ ಮಾರ್ಗವಾಗಿದೆ. ಈ ಪರೀಕ್ಷೆಯನ್ನು ಬಲ್ಲ ಯುವಜನರು ಪ್ರತಿ ಗ್ರಾಮದಲ್ಲಿಯೂ ಇರುವುದು ಅವಶ್ಯಕ.

ತರಬೇತಿಯ ಅವಕಾಶಗಳು

1. ಬೆಂಗಳೂರಿನ ಭಾರತೀಯ ವಿಜ್ಞಾನ ಅಕಾಡೆಮಿ ಸೇರಿದಂತೆ ದೇಶದ ಮೂರು ವಿಜ್ಞಾನ ಅಕಾಡೆಮಿಗಳು ಜಂಟಿಯಾಗಿ ವಿದ್ಯಾರ್ಥಿಗಳಿಗೂ ಅಧ್ಯಾಪಕರಿಗೂ ಎರಡು ತಿಂಗಳ ಬೇಸಿಗೆ ಸಂಶೋಧನಾ ಫೆಲೋಶಿಪ್ ನೀಡುತ್ತವೆ. ರಸಾಯನ ವಿಜ್ಞಾನವು ಇದರ ವಿಷಯಗಳಲ್ಲೊಂದು.

2. 1989ರಲ್ಲಿ ಸ್ಥಾಪನೆಯಾದ, ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರವು ಪದವಿ ಹಂತದ ವಿದ್ಯಾರ್ಥಿಗಳಿಗಾಗಿ ಬೇಸಿಗೆ ಫೆಲೋಶಿಪ್ ನಡೆಸುತ್ತದೆ.

3. ಗ್ರಾಮೀಣ ಕುಡಿಯುವ ನೀರು ಮತ್ತು ನೈರ್ಮಲ್ಯ ಇಲಾಖೆಯ ನೀರು ಪರೀಕ್ಷಾ ಪ್ರಯೋಗಾಲಯಗಳಲ್ಲಿ ಅಲ್ಪಾವಧಿ ಕಲಿಕೆಯನ್ನು ಬಯಸುವವರು ಕಾಲೇಜಿನ ಮೂಲಕ ಮನವಿ ಸಲ್ಲಿಸಬಹುದು. ಅನುಮತಿಯು ಸಂಬಂಧಪಟ್ಟ ಅಧಿಕಾರಿಯ ವಿವೇಚನೆಗೆ ಒಳಪಟ್ಟಿರುತ್ತದೆ.

4. ಜಲ ಜೀವನ್ ಮಿಷನ್ ಮಾರ್ಗಸೂಚಿಯಂತೆ ಪ್ರತಿ ಗ್ರಾಮದಲ್ಲಿ ಐವರಿಗೆ, ಆದ್ಯತೆಯ ಮೇರೆಗೆ ಮಹಿಳೆಯರಿಗೆ, ಕ್ಷೇತ್ರ ಪರೀಕ್ಷಾ ಕಿಟ್ ಬಳಕೆಯ ತರಬೇತಿ ನೀಡಲು ಅವಕಾಶವಿದೆ. ಆಸಕ್ತರು ಗ್ರಾಮ ಪಂಚಾಯಿತಿಯನ್ನು ಸಂಪರ್ಕಿಸುವುದು.

5. ಶಾಲಾ ಮಕ್ಕಳಿಗೆ 1993ರಲ್ಲಿ ಆರಂಭವಾದ ರಾಷ್ಟ್ರೀಯ ಮಕ್ಕಳ ವಿಜ್ಞಾನ ಸಮಾವೇಶವು ಸೂಕ್ತ ವೇದಿಕೆ. 10ರಿಂದ 17 ವರ್ಷದ ಮಕ್ಕಳು ಸ್ಥಳೀಯ ಸಮಸ್ಯೆಯೊಂದನ್ನು ಅಧ್ಯಯನ ಮಾಡಿ ವರದಿ ಮಂಡಿಸಬಹುದು.

ಅರ್ಜಿ ಸಲ್ಲಿಸುವ ಕ್ರಮ

ಮೊದಲ ಎರಡು ಫೆಲೋಶಿಪ್‌ಗಳಿಗೆ ಬೇಸಿಗೆಗೆ ಹಲವು ತಿಂಗಳು ಮೊದಲೇ ಅರ್ಜಿ ಆಹ್ವಾನಿಸಲಾಗುತ್ತದೆ. ಪರೀಕ್ಷೆ ಮುಗಿದ ಬಳಿಕ ವಿಚಾರಿಸಿದಲ್ಲಿ ಅವಧಿ ಮೀರಿರುತ್ತದೆ. ಅಂಕಪಟ್ಟಿ, ಅಧ್ಯಾಪಕರ ಶಿಫಾರಸು ಪತ್ರ ಮತ್ತು ಆಸಕ್ತಿಯ ವಿಷಯವನ್ನು ವಿವರಿಸುವ ಕಿರು ಬರಹವನ್ನು ಮುಂಚಿತವಾಗಿ ಸಿದ್ಧಪಡಿಸಿಕೊಳ್ಳತಕ್ಕದ್ದು. ಇಲಾಖಾ ಪ್ರಯೋಗಾಲಯಕ್ಕೆ ಸಲ್ಲಿಸುವ ಮನವಿಯಲ್ಲಿ ಪ್ರಾಂಶುಪಾಲರ ಸಹಿ, ತರಗತಿ, ಕಲಿಯಬಯಸುವ ಪರೀಕ್ಷೆಗಳು ಹಾಗೂ ದಿನಾಂಕಗಳನ್ನು ನಮೂದಿಸುವುದು.

ಪ್ರಯೋಗಾಲಯದಲ್ಲಿ ಕಲಿಯುವ ಮುಖ್ಯ ಪರೀಕ್ಷೆಗಳು

ಭಾರತೀಯ ಮಾನಕ ಬ್ಯೂರೋದ ಐಎಸ್ 10500:2012 ಪ್ರಕಾರ ಮಿತಿಗಳನ್ನು ಪ್ರತಿ ಲೀಟರಿಗೆ ಮಿಲಿಗ್ರಾಂ ಲೆಕ್ಕದಲ್ಲಿ ಕೆಳಗೆ ನೀಡಲಾಗಿದೆ. ಅನುಮತಿಸಬಹುದಾದ ಮಿತಿಯು ಬೇರೆ ನೀರಿನ ಮೂಲ ಇಲ್ಲದಿದ್ದಾಗ ಮಾತ್ರ ಅನ್ವಯಿಸುತ್ತದೆ.

- ಫ್ಲೋರೈಡ್: ಸ್ವೀಕಾರಾರ್ಹ 1.0, ಅನುಮತಿಸಬಹುದಾದ ಮಿತಿ 1.5. ಅಯಾನು ಎಲೆಕ್ಟ್ರೋಡ್ ಅಥವಾ ಬಣ್ಣದ ತೀವ್ರತೆಯಿಂದ ಅಳೆಯಲಾಗುತ್ತದೆ.
- ನೈಟ್ರೇಟ್: 45. ಇದಕ್ಕೆ ಸಡಿಲಿಕೆ ಇಲ್ಲ.
- ಒಟ್ಟು ಗಡಸುತನ: 200, ಮಿತಿ 600. ಇಡಿಟಿಎ ದ್ರಾವಣ ಸೇರಿಸಿದಾಗ ದ್ರಾಕ್ಷಾರಸದ ಕೆಂಪು ಬಣ್ಣವು ನೀಲಿಗೆ ತಿರುಗುತ್ತದೆ.
- ಕರಗಿದ ಒಟ್ಟು ಘನವಸ್ತು: 500, ಮಿತಿ 2000.

ನೀರಿನ ಮಾದರಿ ಸಂಗ್ರಹಣೆ

ಮಾದರಿ ಸರಿಯಿಲ್ಲದಿದ್ದಲ್ಲಿ ಎಂತಹ ಉಪಕರಣದಿಂದಲೂ ಸರಿಯಾದ ಉತ್ತರ ಬಾರದು. ಕೊಳವೆ ಬಾವಿಯ ನೀರನ್ನು ಕೆಲವು ನಿಮಿಷ ಹರಿಯಬಿಟ್ಟು, ಶುಭ್ರ ಪ್ಲಾಸ್ಟಿಕ್ ಸೀಸೆಯನ್ನು ಅದೇ ನೀರಿನಿಂದ ಮೂರು ಬಾರಿ ತೊಳೆದು ತುಂಬಿಸುವುದು. ಫ್ಲೋರೈಡ್ ಪರೀಕ್ಷೆಗೆ ಗಾಜಿನ ಸೀಸೆ ಸೂಕ್ತವಲ್ಲ. ಸೂಕ್ಷ್ಮಜೀವಿ ಪರೀಕ್ಷೆಗೆ ಪ್ರಯೋಗಾಲಯವು ನೀಡುವ ಕ್ರಿಮಿರಹಿತ ಸೀಸೆಯನ್ನೇ ಬಳಸತಕ್ಕದ್ದು. ಅದನ್ನು ತೊಳೆಯಕೂಡದು, ತಂಪಿನಲ್ಲಿರಿಸಿ 24 ಗಂಟೆಯೊಳಗೆ ತಲುಪಿಸುವುದು. ಚೀಟಿಯಲ್ಲಿ ಗ್ರಾಮ, ಬಾವಿಯ ಸ್ಥಳ, ಆಳ, ದಿನಾಂಕ ಹಾಗೂ ಸಮಯವನ್ನು ಬರೆಯುವುದು. ಶುದ್ಧ ಕುಡಿಯುವ ನೀರಿನ ಘಟಕಗಳ ನೀರನ್ನೂ ಪರೀಕ್ಷಿಸುವುದು ಅವಶ್ಯಕ. ಸವೆದ ಪೊರೆಯು ಫ್ಲೋರೈಡನ್ನು ತಡೆಯಲಾರದು.

ವಿದ್ಯಾರ್ಥಿಗಳ ಅಧ್ಯಯನಕ್ಕೆ ವಿಷಯಗಳು

ಒಂದೇ ಗ್ರಾಮದ ವಿವಿಧ ಬಾವಿಗಳ ಫ್ಲೋರೈಡ್ ಹೋಲಿಕೆ; ಮುಂಗಾರಿಗೆ ಮೊದಲು ಹಾಗೂ ನಂತರದ ವ್ಯತ್ಯಾಸ; ಕೆರೆ ತುಂಬಿದಾಗ ಸಮೀಪದ ಬಾವಿಗಳಲ್ಲಿ ಕಾಣುವ ಬದಲಾವಣೆ. 2018ರಿಂದ ಜಿಲ್ಲೆಯ ಕೆರೆಗಳಿಗೆ ಕೆ.ಸಿ. ವ್ಯಾಲಿ ಯೋಜನೆಯಡಿ ಬೆಂಗಳೂರಿನ ಸಂಸ್ಕರಿಸಿದ ತ್ಯಾಜ್ಯ ನೀರನ್ನು ಹರಿಸಲಾಗುತ್ತಿದೆ. ಅದು ಅಂತರ್ಜಲ ಮರುಪೂರಣಕ್ಕೆ ಉದ್ದೇಶಿಸಿದ ನೀರೇ ಹೊರತು ನೇರವಾಗಿ ಕುಡಿಯುವುದಕ್ಕಲ್ಲ.

ಫಲಿತಾಂಶ ಬಂದ ನಂತರ

ಫ್ಲೋರೈಡ್ 1.5 ಮಿಲಿಗ್ರಾಂ ಮೀರಿದ್ದಲ್ಲಿ ವರದಿಯ ಪ್ರತಿಯೊಂದಿಗೆ ಗ್ರಾಮ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗೆ ಲಿಖಿತವಾಗಿ ತಿಳಿಸಿ ಸ್ವೀಕೃತಿ ಪಡೆಯುವುದು. ಆ ನೀರನ್ನು ಕುಡಿಯಲು ಮತ್ತು ಅಡುಗೆಗೆ ಬಳಸಬಾರದು. ಸ್ನಾನಕ್ಕೆ, ಬಟ್ಟೆ ಒಗೆಯಲು ಬಳಸಬಹುದು. ಈ ಭಾಗದಲ್ಲಿ ತೆಲುಗು ಮನೆಮಾತಿನವರು ಅನೇಕರಿರುವುದರಿಂದ ವಿದ್ಯಾರ್ಥಿಗಳು ಫಲಿತಾಂಶವನ್ನು ಹಿರಿಯರಿಗೆ ಎರಡೂ ಭಾಷೆಗಳಲ್ಲಿ ವಿವರಿಸುವುದು ಉಪಯುಕ್ತ.

ಸೂಚನೆ: 2021ರ ಮಾರ್ಚ್‌ನಲ್ಲಿ ಹೊರಡಿಸಿದ ರಾಷ್ಟ್ರೀಯ ಮಾರ್ಗಸೂಚಿಯಂತೆ ಸರ್ಕಾರಿ ನೀರು ಪರೀಕ್ಷಾ ಪ್ರಯೋಗಾಲಯಗಳು ಸಾರ್ವಜನಿಕರಿಗೂ ತೆರೆದಿವೆ. ವಿದ್ಯಾರ್ಥಿಗಳಲ್ಲದವರೂ ಅಲ್ಪ ಶುಲ್ಕ ಪಾವತಿಸಿ ತಮ್ಮ ಮನೆಯ ನೀರನ್ನು ಪರೀಕ್ಷಿಸಿಕೊಳ್ಳಬಹುದು.