ಅನ್‌ಟ್ರ್ಯಾಮೆಲ್ಡ್

ಅಮೆರಿಕದ 1964ರ ವೈಲ್ಡರ್‌ನೆಸ್ ಕಾಯ್ದೆಯ ಜೀವಾಳ ಈ ಪದ. ಬೇರು ಹುಡುಕಿದರೆ ಸಿಗುವುದು ಲ್ಯಾಟಿನ್ನಿನ ‘ಟ್ರೆಮಾಕುಲಂ’, ಮೂರು ಪದರದ ಮೀನುಬಲೆ. ಇಂಗ್ಲಿಷಿನಲ್ಲಿ ‘ಟ್ರ್ಯಾಮೆಲ್’ ಕುದುರೆಯ ಕಾಲಿಗೆ ಹಾಕುವ ಕಟ್ಟೂ ಆಯಿತು. ಅಂಥ ಕಟ್ಟಿಲ್ಲದ್ದು ಅನ್‌ಟ್ರ್ಯಾಮೆಲ್ಡ್. ಇದನ್ನು ‘ಅನ್‌ಟ್ರ್ಯಾಂಪಲ್ಡ್’, ಅಂದರೆ ಯಾರೂ ತುಳಿಯದ್ದು, ಎಂದು ಓದಿಕೊಳ್ಳುವವರು ಬಹಳ. ಕಾಯ್ದೆ ಹೇಳುವುದು ಮನುಷ್ಯ ಕಟ್ಟಿಹಾಕದ ನೆಲದ ಮಾತು. ಅಲ್ಲಿಗೆ ಹೋಗಿಬರಲು ಅಡ್ಡಿಯಿಲ್ಲ. ಕರಡು ಬರೆದ ಹೋವರ್ಡ್ ಝಾನೈಸರ್ ಈ ಪದವನ್ನು ಬಿಟ್ಟುಕೊಡಲಿಲ್ಲ. ಕಾಯ್ದೆಗೆ ಸಹಿ ಬೀಳುವ ನಾಲ್ಕು ತಿಂಗಳ ಮೊದಲೇ ಅವರು ತೀರಿಕೊಂಡರು.

ಇಂಥ ನೆಲ ಇನ್ನೆಲ್ಲಿದೆ ಎಂದು ಗುರುತಿಸಲು 1976ರ ಕಾನೂನು ಅಮೆರಿಕದ ಭೂ ನಿರ್ವಹಣಾ ಬ್ಯೂರೋಗೆ 15 ವರ್ಷ ಗಡುವು ಕೊಟ್ಟು, ಅದರ ಸುಪರ್ದಿಯ 5,000 ಎಕರೆಗೆ ಕಡಿಮೆಯಿಲ್ಲದ, ರಸ್ತೆಯಿಲ್ಲದ ಜಾಗಗಳನ್ನು ಪರಿಶೀಲಿಸಲು ಹೇಳಿತು. ರಸ್ತೆ ಎಂದರೆ ಯಾವುದು? ಯಂತ್ರ ಬಳಸಿ ಸರಿಪಡಿಸಿ, ನಿತ್ಯದ ಓಡಾಟಕ್ಕೆ ಕಾಪಾಡಿಕೊಂಡು ಬಂದದ್ದು. ಬರೀ ಜೀಪು ಓಡಾಡಿ ಬಿದ್ದ ಜಾಡು ರಸ್ತೆಯಲ್ಲ. ಈ ವಿವೇಕ ನನಗೆ ತುಂಬ ಹಿಡಿಸುತ್ತದೆ: ಒಂದು ಜಾಡು ಕಂಡಿತೆಂದು ಇಡೀ ಕಣಿವೆಯನ್ನು ಪಟ್ಟಿಯಿಂದ ಕೈಬಿಡುವಂತಿಲ್ಲ. ಹೀಗೆ ಆಯ್ದ ಜಾಗವನ್ನು ವೈಲ್ಡರ್‌ನೆಸ್ ಎಂದು ಘೋಷಿಸಬೇಕೇ ಬೇಡವೇ ಎಂದು ಅಮೆರಿಕದ ಕಾಂಗ್ರೆಸ್ ತೀರ್ಮಾನಿಸುವವರೆಗೂ ಅದರ ಅರ್ಹತೆ ಕೆಡದಂತೆ ಕಾಯಬೇಕು. ಅಂಥ ಎಷ್ಟೋ ಜಾಗಗಳ ತೀರ್ಮಾನ ಇಂದಿಗೂ ಆಗಿಲ್ಲ.